ಜೀಸ್ ಬೆಂಡ್: ನಡೆದು ಬಂದವರ ಊರು

ಅಮೆರಿಕದ ದಕ್ಷಿಣ ಸೀಮೆಯ ಹಳ್ಳಿಗಳ ಚರಿತ್ರೆಯನ್ನು ಮೊದಲ ಸಲ ಓದುವವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಲ್ಲಿನ ಊರುಗಳ ಕಥೆ ಬಹಳಷ್ಟು ಸಲ ಜಮೀನಿನ ಪತ್ರದಿಂದ ಶುರುವಾಗುತ್ತದೆ. ಇಂಥವರು ಇಂಥ ವರ್ಷ ಭೂಮಿ ಕೊಂಡರು, ಊರು ಹುಟ್ಟಿತು ಎಂದು ಬರೆದಿರುತ್ತದೆ. ಪತ್ರದಲ್ಲಿರುವ ಹೆಸರನ್ನೇ ಹಿಡಿದು ಹೊರಟರೆ ಊರನ್ನು ನಿಜವಾಗಿ ಕಟ್ಟಿದವರು ಕಣ್ಣಿಗೆ ಬೀಳುವುದಿಲ್ಲ. ಅಲಬಾಮಾ ರಾಜ್ಯದ ಜೀಸ್ ಬೆಂಡ್ ಎಂಬ ಹಳ್ಳಿಯನ್ನು ಮುಂದಿಟ್ಟುಕೊಂಡು ಇದನ್ನು ನಿಧಾನವಾಗಿ ನೋಡೋಣ.

ನಕಾಶೆ ಇದ್ದರೆ ತೆರೆದುಕೊಳ್ಳಿ. ಸೆಲ್ಮಾ ಪಟ್ಟಣದ ನೈಋತ್ಯಕ್ಕೆ, ವಿಲ್ಕಾಕ್ಸ್ ಕೌಂಟಿಯಲ್ಲಿ, ಅಲಬಾಮಾ ನದಿ ದೊಡ್ಡದೊಂದು ತಿರುವು ಹಾಕುತ್ತದೆ. ಆ ತಿರುವಿನ ಒಳಗೆ ಈ ಊರಿದೆ. ಮೂರು ಕಡೆ ನೀರು, ಒಂದೇ ಕಡೆ ನೆಲದ ದಾರಿ. ಊರಿನ ಮುಂದಿನ ಕಥೆಯಲ್ಲೆಲ್ಲ ಈ ಭೂಗೋಳದ ಪಾಲಿದೆ.

ಈ ನೆಲ ಮೊದಲು ಕ್ರೀಕ್ ಅಥವಾ ಮಸ್ಕೋಗಿ ಎಂದು ಕರೆಸಿಕೊಳ್ಳುವ ಮೂಲನಿವಾಸಿಗಳದು. 1813-14ರ ಯುದ್ಧದಲ್ಲಿ ಆಂಡ್ರ್ಯೂ ಜಾಕ್ಸನ್‌ನ ಸೇನೆ ಅವರನ್ನು ಸೋಲಿಸಿತು. 1814ರ ಆಗಸ್ಟಿನಲ್ಲಿ ಆದ ಫೋರ್ಟ್ ಜಾಕ್ಸನ್ ಒಪ್ಪಂದದಲ್ಲಿ ಅವರಿಂದ 2 ಕೋಟಿ ಎಕರೆಗೂ ಹೆಚ್ಚು ಭೂಮಿಯನ್ನು ಬರೆಸಿಕೊಳ್ಳಲಾಯಿತು. ಜಾಕ್ಸನ್‌ನ ಪಕ್ಕದಲ್ಲೇ ನಿಂತು ಹೋರಾಡಿದ್ದ ಕ್ರೀಕರೂ ನೆಲ ಕಳೆದುಕೊಂಡರು. ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಎಷ್ಟಿದ್ದರೂ ಸಾಲದ ಕಾಲ ಅದು. ಕ್ಯಾರೊಲೈನಾ, ಜಾರ್ಜಿಯಾಗಳ ಜಮೀನುದಾರರು ಹೊಸ ಮಣ್ಣು ಹುಡುಕುತ್ತ ಈ ಕಡೆಗೆ ನುಗ್ಗಿದರು. ಅವರಲ್ಲೊಬ್ಬ ಉತ್ತರ ಕ್ಯಾರೊಲೈನಾದ ಹ್ಯಾಲಿಫ್ಯಾಕ್ಸ್ ಕೌಂಟಿಯ ಜೋಸೆಫ್ ಜೀ. 1816ರ ಸುಮಾರಿಗೆ ನದಿ ತಿರುವಿನ ಭೂಮಿ ಕೊಂಡು ಹತ್ತಿ ತೋಟ ಹಾಕಿದ. ಊರಿಗೆ ಅವನ ಹೆಸರೇ ಉಳಿಯಿತು. ಕಾಡು ಕಡಿದು ಹೊಲ ಮಾಡಿದವರು ಅವನು ತನ್ನೊಡನೆ ತಂದ ಗುಲಾಮರು.

1845ರಲ್ಲಿ ಜೀ ಮನೆತನದವರು ಸಾಲ ತೀರಿಸಲು ತೋಟವನ್ನು ತಮ್ಮ ನೆಂಟ ಮಾರ್ಕ್ ಪೆಟ್‌ವೇಗೆ ಬಿಟ್ಟುಕೊಟ್ಟರು. ಮರುವರ್ಷ ಪೆಟ್‌ವೇ ಸಂಸಾರ ಉತ್ತರ ಕ್ಯಾರೊಲೈನಾದಿಂದ ಹೊರಟು ಬಂತು. ಮನೆಯವರು, ಸಾಮಾನು ಸರಂಜಾಮು ಬಂಡಿಗಳಲ್ಲಿ ಬಂದವು. ಸುಮಾರು ನೂರು ಮಂದಿ ಗುಲಾಮರನ್ನು ನಡೆಸಿಕೊಂಡು ಬಂದರು. ಬಂಡಿಯಲ್ಲಿ ಜಾಗ ಸಿಕ್ಕಿದ್ದು ಅಡುಗೆಯ ಒಬ್ಬರಿಗೆ ಮಾತ್ರ ಎಂಬ ಮಾತು ಊರಿನ ನೆನಪಿನಲ್ಲಿ ಉಳಿದಿದೆ. ಸಾವಿರ ಕಿಲೋಮೀಟರಿಗೂ ಹೆಚ್ಚಿನ ದಾರಿ ಅದು. ಬೆಂಗಳೂರಿನಿಂದ ಮುಂಬಯಿಗೆ ನಡೆದಷ್ಟು. ಹಿಂದೆ ಬಿಟ್ಟು ಬಂದ ಬಂಧುಬಳಗವನ್ನು ಮತ್ತೆ ನೋಡುವ ಆಸೆ ಅವರಿಗೆ ಇರುವಂತಿರಲಿಲ್ಲ. ನನ್ನ ಮಟ್ಟಿಗೆ ಈ ಊರಿನ ಮೂಲಪುರುಷರು, ಮೂಲಸ್ತ್ರೀಯರು ಇವರೇ. ಇವತ್ತಿಗೂ ಊರಿನಲ್ಲಿ ಎಲ್ಲಿ ನೋಡಿದರೂ ಪೆಟ್‌ವೇ ಎಂಬ ಮನೆಹೆಸರು. ಯಜಮಾನನ ಹೆಸರನ್ನೇ ಗುಲಾಮರಿಗೂ ಅಂಟಿಸುತ್ತಿದ್ದ ಕಾಲದ ಗುರುತು ಅದು. ಹಾಗಾಗಿ ಪೆಟ್‌ವೇ ಎಂದ ಮಾತ್ರಕ್ಕೆ ರಕ್ತಸಂಬಂಧವೆಂದು ತಿಳಿಯಬೇಡಿ. ಹೊಸಬರು ಎಡವುವುದು ಇಲ್ಲೇ.

1865ರಲ್ಲಿ ಗುಲಾಮಗಿರಿ ಕೊನೆಯಾಯಿತು, ಆದರೆ ಭೂಮಿ ಕೈ ಬದಲಾಯಿಸಲಿಲ್ಲ. ಬಿಡುಗಡೆಯಾದ ಅನೇಕರು ಅದೇ ಹೊಲಗಳನ್ನು ಗೇಣಿಗೂ ಪಾಲಿಗೂ ಉಳತೊಡಗಿದರು. ಬಿತ್ತನೆಯಿಂದ ಸುಗ್ಗಿಯವರೆಗೆ ಬೇಕಾದದ್ದನ್ನೆಲ್ಲ ವ್ಯಾಪಾರಿಯಿಂದ ಉದ್ದರಿ ತಂದು, ಹತ್ತಿ ಬಂದಾಗ ಲೆಕ್ಕ ಚುಕ್ತಾ ಮಾಡಬೇಕು. 1920ರ ದಶಕದಲ್ಲಿ ಹತ್ತಿಯ ಬೆಲೆ ಕುಸಿದು ಲೆಕ್ಕ ಚುಕ್ತಾ ಆಗದೆ ಹೋಯಿತು. ಸಾಲ ಕೊಡುತ್ತಿದ್ದ ವ್ಯಾಪಾರಿ ತೀರಿಕೊಂಡ ಮೇಲೆ, 1932ರಲ್ಲಿ ಅವನ ಮನೆಯವರ ಕಡೆಯಿಂದ ವಸೂಲಿಗೆ ಜನ ಬಂದರು. ಹೇಸರಗತ್ತೆ, ಹಸು, ನೇಗಿಲು, ಕೂಡಿಟ್ಟ ಮೆಕ್ಕೆಜೋಳ, ಕೈಗೆ ಸಿಕ್ಕಿದ್ದೆಲ್ಲ ಹೊತ್ತುಕೊಂಡು ಹೋದರು. ಆ ಚಳಿಗಾಲ ರೆಡ್ ಕ್ರಾಸ್ ಕಳಿಸಿದ ಹಿಟ್ಟು ಊರಿನ ಜೀವ ಉಳಿಸಿತು.

ಊರಿನ ಎರಡನೆಯ ಹುಟ್ಟು ಇದರ ನಂತರದ್ದು, ಹೆಚ್ಚಿನ ಪರಿಚಯಗಳು ಇದನ್ನು ಅವಸರದಲ್ಲಿ ದಾಟುತ್ತವೆ. ಅಧ್ಯಕ್ಷ ರೂಸ್‌ವೆಲ್ಟ್ ಕಾಲದ ಸರ್ಕಾರ ಹಳೆಯ ತೋಟವನ್ನು ಕೊಂಡು, ಹೊಸ ಮನೆ, ಶಾಲೆ, ಅಂಗಡಿ, ಹತ್ತಿ ಜಿನ್ ಕಟ್ಟಿಸಿತು. 1940ರ ದಶಕದಲ್ಲಿ ಕಡಿಮೆ ಬಡ್ಡಿಯ ಸಾಲ ಕೊಟ್ಟು ಆ ಹೊಲಮನೆಗಳನ್ನು ಅಲ್ಲಿ ದುಡಿಯುತ್ತಿದ್ದವರಿಗೇ ಮಾರಿತು. ನಡೆದು ಬಂದವರ ಮೊಮ್ಮಕ್ಕಳು, ಮರಿಮಕ್ಕಳು ಕೊನೆಗೂ ಆ ನೆಲದ ಒಡೆಯರಾದರು. ಇದರ ಬೆಲೆ 1960ರ ದಶಕದಲ್ಲಿ ಗೊತ್ತಾಯಿತು. ಅಲಬಾಮಾದಲ್ಲಿ ಮತದ ಹಕ್ಕು ಕೇಳಿದ ಕಪ್ಪು ಗೇಣಿದಾರರನ್ನು ಹೊಲದಿಂದ, ಮನೆಯಿಂದ ಎಬ್ಬಿಸುತ್ತಿದ್ದರು. ಸ್ವಂತ ನೆಲದ ಮೇಲೆ ನಿಂತ ಜೀಸ್ ಬೆಂಡಿನವರನ್ನು ಹಾಗೆ ಎಬ್ಬಿಸುವಂತಿರಲಿಲ್ಲ. 1965ರ ಫೆಬ್ರುವರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಇಲ್ಲಿಗೆ ಬಂದು ಮಾತಾಡಿದರು. ಆದರೆ ನದಿಯಾಚೆ ಕೌಂಟಿ ಕೇಂದ್ರವಾದ ಕ್ಯಾಮ್ಡನ್‌ಗೆ ದಾಟಿಸುತ್ತಿದ್ದ ಕಡವು 1962ರಲ್ಲೇ ನಿಂತುಹೋಗಿತ್ತು. ಎದುರು ದಡಕ್ಕೆ ಹೋಗಲು ಹಲವು ಹತ್ತು ಕಿಲೋಮೀಟರ್ ಬಳಸಬೇಕಾಯಿತು. ಕಡವು ಮತ್ತೆ ಶುರುವಾದದ್ದು 2006ರಲ್ಲಿ.

ಜಗತ್ತಿಗೆ ಈ ಊರು ಗೊತ್ತಾಗಿರುವುದು ಕೌದಿಗಳಿಂದ. ಸವೆದ ಕೆಲಸದ ಬಟ್ಟೆ, ಹಿಟ್ಟಿನ ಚೀಲ, ಉಳಿದ ತುಂಡುಗಳನ್ನು ಜೋಡಿಸಿ ಇಲ್ಲಿನ ಹೆಂಗಸರು ತಲೆಮಾರುಗಳಿಂದ ಹೊಲಿದ ಕೌದಿಗಳು 2002ರಲ್ಲಿ ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯಕ್ಕೆ, ಅಲ್ಲಿಂದ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯಕ್ಕೆ ಹೋದವು. 2006ರಲ್ಲಿ ಅಮೆರಿಕದ ಅಂಚೆಚೀಟಿಗಳಾದವು. ನಮ್ಮ ಹಳಿಯಾಳ, ಯಲ್ಲಾಪುರ, ಮುಂಡಗೋಡ ಸೀಮೆಯ ಸಿದ್ದಿ ಹೆಂಗಸರ ಕೌದಿ ನೋಡಿದವರು ಇವುಗಳ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಾರೆ. ಎರಡೂ ಕಡೆ ಹೊಲಿದವರ ಹಿರಿಯರು ಆಫ್ರಿಕದಿಂದ ಬಂದವರು. ಹಲವರು ಗುಲಾಮರಾಗಿಯೇ ಬಂದವರು. ಬಣ್ಣ ಕೂಡಿಸುವ ಧೈರ್ಯದಲ್ಲೂ ಹೋಲಿಕೆ ಕಾಣುತ್ತದೆ. ಇಷ್ಟರಿಂದಲೇ ಒಂದರಿಂದ ಇನ್ನೊಂದು ಬಂತು ಎನ್ನಲಾಗದು.

ಮುಂದೆ ಓದಬೇಕೆನ್ನುವವರು ಕೌದಿಗಳಿಂದ ಶುರುಮಾಡಬೇಡಿ. 1937ರಲ್ಲಿ ಸರ್ಕಾರದ ಪರವಾಗಿ ಆರ್ಥರ್ ರಾತ್‌ಸ್ಟೀನ್ ಇಲ್ಲಿ ತೆಗೆದ ಚಿತ್ರಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ, ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ಮೊದಲು ಆ ಮುಖಗಳನ್ನು, ಮರದ ದಿಮ್ಮಿಯ ಆ ಮನೆಗಳನ್ನು ನೋಡಿ. ಜಮೀನಿನ ಪತ್ರಗಳನ್ನು ಆಮೇಲೆ ಓದಿ.