ಸಹಿ ಹಾಕಿಸಿಕೊಳ್ಳುವ ಮುನ್ನ

ಮಗೂ,

ಹೋದ ವಾರ ನೀನು ಜಗಲಿಯ ಮೇಲೆ ಕೂತು, ಪಹಣಿ ನನ್ನ ಮುಂದಿಟ್ಟು ಹೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ. "ಚಿಕ್ಕತಾತ, ಇಬ್ಬರು ಅತ್ತೆಯರ ಕೈಲೂ ಒಂದು ಹಕ್ಕು ಬಿಡುಗಡೆ ಪತ್ರ ಬರೆಸಿಬಿಡಿ. ಹೆಣ್ಣುಮಕ್ಕಳಿಗೆ ಪಾಲು ಕೊಡೋದು ನಮ್ಮ ಸಂಪ್ರದಾಯದಲ್ಲಿ ಇಲ್ಲವಲ್ಲ." ನಾನು ಆಗ ಏನೂ ಹೇಳಲಿಲ್ಲ. ಮೂವತ್ತೇಳು ವರ್ಷ ನೋಂದಣಿ ಕಚೇರಿಯ ಎದುರು ಕೂತು ಅಂಥ ಪತ್ರಗಳನ್ನೇ ಬರೆದ ಕೈ ಇದು. ಉತ್ತರವನ್ನೂ ಬರೆದೇ ಕೊಡುತ್ತೇನೆ, ನಿಧಾನವಾಗಿ ಓದು.

ಮೊದಲು 'ಸಂಪ್ರದಾಯ' ಎಂಬ ಆ ಮಾತು. ಅದನ್ನು ಉಚ್ಚರಿಸುವ ಮುನ್ನ ನಮ್ಮ ನೆಲದವನೇ ಆದ ಒಬ್ಬನ ಹೆಸರು ತಿಳಿದುಕೋ: ವಿಜ್ಞಾನೇಶ್ವರ. ಇವತ್ತಿನ ಬಸವಕಲ್ಯಾಣ ಆಗ ಬರೀ ಕಲ್ಯಾಣ, ಚಾಲುಕ್ಯರ ರಾಜಧಾನಿ. 1076ರಿಂದ 1126ರವರೆಗೆ ಆಳಿದ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಅವನು ಅಲ್ಲಿ ಕೂತು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದ. ಬಂಗಾಳದ ಕಡೆ ಜೀಮೂತವಾಹನನ ದಾಯಭಾಗ ನಡೆಯಿತು. ಉಳಿದಂತೆ ದೇಶದ ಬಹುಭಾಗದಲ್ಲಿ ಹಿಂದೂ ಮನೆಗಳ ಆಸ್ತಿ ಹಂಚಿಕೆ ನಡೆದದ್ದು ಕಲ್ಯಾಣದಲ್ಲಿ ಬರೆದ ಈ ಪುಸ್ತಕದ ಮೇಲೆ.

ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು ಎಂಬ ಮಾತನ್ನು ಅವನು ಗಂಡುಮಕ್ಕಳಿಗಷ್ಟೇ ಇಟ್ಟ. ಇದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಆದರೆ ಅದೇ ಪುಸ್ತಕದಲ್ಲಿ ಇನ್ನೂ ಏನೇನಿದೆ ಎಂದು ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ತಂದೆ ತೀರಿದ ಮೇಲೆ ಅಣ್ಣತಮ್ಮಂದಿರು ಪಾಲಾಗುವಾಗ ಮದುವೆಯಾಗದ ಹೆಣ್ಣುಮಗಳಿಗೆ ಗಂಡಿನ ಭಾಗದ ಕಾಲುಪಾಲು ಸಲ್ಲಬೇಕು ಎಂದ. ಅದು ಮದುವೆಯ ಖರ್ಚಿಗೆ ಕೊಡುವ ಹಣವಷ್ಟೇ ಎನ್ನುವ ವಾದವನ್ನು ಒಪ್ಪಲಿಲ್ಲ. ಸ್ತ್ರೀಧನವೆಂದರೆ ಧಾರೆಯ ಹೊತ್ತಿನ ಒಡವೆ, ತವರಿನ ಉಡುಗೊರೆ ಎಂದು ಉಳಿದವರು ಎಣಿಸುತ್ತಿದ್ದರೆ, ಹೆಣ್ಣಿಗೆ ವಾರಸಾಗಿ, ಕ್ರಯವಾಗಿ, ಪಾಲಾಗಿ ಬಂದದ್ದೂ ಸ್ತ್ರೀಧನವೇ ಎಂದು ಹಿಗ್ಗಿಸಿದ.

ಎಲ್ಲಕ್ಕಿಂತ ದೊಡ್ಡ ಮಾತು ಬೇರೆ. ಹಿರಿಯ ಮಗನಿಗೆ ಹೆಚ್ಚಿನ ಪಾಲು ಕೊಡಬೇಕೆಂದು ಹಳೆಯ ಸ್ಮೃತಿಗಳಲ್ಲಿತ್ತು. ವಿಜ್ಞಾನೇಶ್ವರ ಅದು ಶಾಸ್ತ್ರದಲ್ಲಿಲ್ಲ ಎನ್ನಲಿಲ್ಲ. ಇದೆ, ಆದರೆ ಲೋಕಕ್ಕೆ ಅದು ಹೇಸಿಗೆಯಾಗಿದೆ; ಜನ ಒಲ್ಲದ್ದು ಶಾಸ್ತ್ರದಲ್ಲಿದ್ದರೂ ಆಚರಿಸಬಾರದು ಎಂದು ತೀರ್ಮಾನಿಸಿದ. ಅದಕ್ಕೆ ಆಧಾರವನ್ನೂ ಯಾಜ್ಞವಲ್ಕ್ಯನ ಮಾತಿನಿಂದಲೇ ತೆಗೆದ. ನೀನು ನಿನ್ನ ಅಣ್ಣನ ಜೊತೆ ಸರಿಸಮ ಪಾಲಿಗೆ ನಿಲ್ಲುವುದು ಆ ತೀರ್ಮಾನದ ಬಲದಿಂದ. ನಿನಗೆ ಪಾಲು ಬರುವಲ್ಲಿ ಬದಲಾದ ಸಂಪ್ರದಾಯ ಬೇಕು, ಅತ್ತೆಯರ ಸರದಿ ಬಂದಾಗ ಬದಲಾಗದ ಸಂಪ್ರದಾಯ ಬೇಕು ಎಂದರೆ ಹೇಗೆ?

ನಾವು ಸಂಪ್ರದಾಯ ಎನ್ನುವುದೂ ಒಂದೇ ಅಲ್ಲ. ಘಟ್ಟ ಇಳಿದರೆ ತುಳುನಾಡಿನಲ್ಲಿ ಅಳಿಯಸಂತಾನ ಕಟ್ಟು. ಅಲ್ಲಿ ಮನೆತನ ನಡೆದದ್ದೇ ಹೆಣ್ಣಿನ ಸಂತಾನದಲ್ಲಿ. ಅವರೂ ನಮ್ಮ ದೇವರಿಗೇ ಕೈಮುಗಿಯುವವರು.

ಇನ್ನು ಕಾನೂನು. 1810ರಲ್ಲಿ ಕೋಲ್‌ಬ್ರೂಕ್ ಎಂಬ ಇಂಗ್ಲಿಷ್ ಅಧಿಕಾರಿ ಮಿತಾಕ್ಷರಾದ ದಾಯವಿಭಾಗವನ್ನು ಇಂಗ್ಲಿಷಿಗೆ ತಂದ. ಆಮೇಲೆ ತೀರ್ಪುಗಳ ಮೇಲೆ ತೀರ್ಪು ಬಂದು, ಹರಿಯುವ ನೀರಾಗಿದ್ದದ್ದು ಹೆಪ್ಪುಗಟ್ಟಿತು. ಹೆಣ್ಣಿಗೆ ವಾರಸಾಗಿ ಬಂದ ಆಸ್ತಿ ಅವಳು ಬದುಕಿರುವಷ್ಟು ದಿನ ಅನುಭವಿಸಲಿಕ್ಕೆ ಮಾತ್ರ ಎಂದು ಲಂಡನ್ನಿನ ಪ್ರಿವಿ ಕೌನ್ಸಿಲ್ ಹೇಳಿತು. ನಮ್ಮ ಮೈಸೂರು ಸಂಸ್ಥಾನ 1933ರಲ್ಲೇ ಕಾಯ್ದೆ ಮಾಡಿ, ಪಾಲಾಗುವಾಗ ತಾಯಿಗೆ, ವಿಧವೆಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಭಾಗ ಕೊಡಿಸಿತು. ಹಿಂದೂ ಕೋಡ್ ಬಿಲ್ಲು ನೆನೆಗುದಿಗೆ ಬಿದ್ದಿತೆಂದು ನೊಂದ ಅಂಬೇಡ್ಕರ್ 1951ರಲ್ಲಿ ಮಂತ್ರಿಪದವಿಯನ್ನೇ ಬಿಟ್ಟರು. 1956ರ ಉತ್ತರಾಧಿಕಾರ ಕಾಯ್ದೆಯ 14ನೇ ಕಲಂ ಹೆಣ್ಣಿನ ಆಸ್ತಿಗೆ ಅವಳನ್ನೇ ಪೂರ್ಣ ಒಡತಿ ಮಾಡಿತು. 1994ರಲ್ಲಿ ಕರ್ನಾಟಕ ಮದುವೆಯಾಗದ ಹೆಣ್ಣುಮಕ್ಕಳನ್ನು ಹುಟ್ಟಿನಿಂದಲೇ ಪಾಲುದಾರರೆಂದಿತು. 2005ರ ಸೆಪ್ಟೆಂಬರ್ 9ರಿಂದ ದೇಶಕ್ಕೆಲ್ಲ ಆ ನಿಯಮ ಬಂತು, ಮದುವೆಯಾದವಳು ಆಗದವಳು ಎಂಬ ಭೇದವೂ ಹೋಯಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಗಂಟನ್ನು ಬಿಡಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ರಿಜಿಸ್ಟರ್ ಆದ ಪಾಲುಗಳನ್ನು ಕದಲಿಸುವಂತಿಲ್ಲ. ನಮ್ಮ ಮನೆಯಲ್ಲಿ ನಿನ್ನ ತಾತ ಮಕ್ಕಳಿಗೆ ಪಾಲನ್ನೇ ಮಾಡಿರಲಿಲ್ಲ. ಹಾಗಾಗಿ ಅತ್ತೆಯರು ಈ ಜಮೀನಿನ ಪಾಲುದಾರರು.

ಈಗ ನಿನಗೆ ಗೊತ್ತಿಲ್ಲದ ಒಂದು ಕಥೆ. 1983ರಲ್ಲಿ ನಮ್ಮ ಅಪ್ಪ ತೀರಿಕೊಂಡರು. ನಾನು, ನಿನ್ನ ತಾತ, ಒಬ್ಬಳೇ ತಂಗಿ. ಅಪ್ಪನ ಪಾಲಿನಲ್ಲಿ ಅವಳಿಗೂ ಒಂದು ಭಾಗವಿತ್ತು. ಅದು ಗೊತ್ತಿದ್ದದ್ದು ಮನೆಯಲ್ಲಿ ನನಗೊಬ್ಬನಿಗೇ. ಪತ್ರ ನಾನೇ ಬರೆದೆ. "ಅರಿಶಿನ ಕುಂಕುಮಕ್ಕಾಗಿ ಇಷ್ಟು ಹಣ ಪಡೆದು, ಸ್ವಸಂತೋಷದಿಂದ ನನ್ನ ಹಕ್ಕನ್ನು ಬಿಟ್ಟುಕೊಟ್ಟಿರುತ್ತೇನೆ" ಎಂಬ ಒಕ್ಕಣೆ. ಅವಳು ಗೌರಿ ಹಬ್ಬಕ್ಕೆಂದು ಬಂದವಳು, ಮಡಿಲಲ್ಲಿ ಇನ್ನೂ ಬಾಗಿನದ ಅಕ್ಕಿ ಇತ್ತು. "ಏನಣ್ಣ ಇದು?" ಎಂದಳು. "ಸರ್ಕಾರಿ ಕೆಲಸ, ಒಂದು ಸಹಿ ಅಷ್ಟೇ" ಎಂದೆ. ಓದಿ ಹೇಳಲಿಲ್ಲ. ಹೆಬ್ಬೆಟ್ಟಿಗೆ ಹತ್ತಿದ ಮಸಿಯನ್ನು ಹೊಸ ಸೀರೆಗೆ ತಾಗದಂತೆ ತಲೆಗೂದಲಿಗೆ ಒರೆಸಿಕೊಂಡು ನಕ್ಕಳು. ಆ ಸೀರೆ ನಾವೇ ಕೊಡಿಸಿದ್ದು.

ಮುಂದೆ ಗಂಡನನ್ನು ಕಳೆದುಕೊಂಡು ಇಬ್ಬರು ಮಕ್ಕಳೊಡನೆ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಅಲೆದಳು. ತವರಿಗೆ ಬಂದು ಕೈಚಾಚಲಿಲ್ಲ. ನನಗೆ ತಡೆಯಲಾಗದೆ, ಬಹಳ ವರ್ಷಗಳ ಮೇಲೆ, ನನ್ನ ಪಾಲಿನಿಂದ ಒಂದು ಎಕರೆ ಅವಳ ಹೆಸರಿಗೆ ಮಾಡಿದೆ. ಆ ಪತ್ರದ ತಲೆಬರಹ 'ದಾನಪತ್ರ'. ಅವಳದನ್ನೇ ಅವಳಿಗೆ ಕೊಟ್ಟು ದಾನ ಎಂದು ಬರೆಯಬೇಕಾಯಿತು. ಆ ಪದ ಬರೆಯುವಾಗ ನನ್ನ ಕೈ ನಿಂತದ್ದು ಈಗಲೂ ನೆನಪಿದೆ.

ಅದಕ್ಕೇ ಹೇಳುತ್ತೇನೆ. ಅಕ್ಕತಂಗಿಯರು, ಅತ್ತೆಯರು ಪಾಲು ಬೇಡವೆಂದರೆ ಬೇಡವೆನ್ನಲಿ. ಆದರೆ ಏನು ಬೇಡವೆನ್ನುತ್ತಿದ್ದೇವೆಂದು ತಿಳಿದು ಹೇಳಲಿ. ಪಹಣಿ ತೋರಿಸು, ವಂಶವೃಕ್ಷದಲ್ಲಿ ಅವರ ಹೆಸರು ಬಿಡಬೇಡ, ಪತ್ರವನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಗಟ್ಟಿಯಾಗಿ ಓದಿ ಹೇಳು. ಹಬ್ಬದ ದಿನ, ಸಾವಿನ ಮನೆಯಲ್ಲಿ ಯಾರ ಸಹಿಯನ್ನೂ ಕೇಳಬೇಡ. "ಮದುವೆಗೆ ಖರ್ಚು ಮಾಡಿದ್ದೇವಲ್ಲ" ಎನ್ನಬೇಡ. ನಿನ್ನ ಓದಿಗೆ, ನಿನ್ನ ಮದುವೆಗೆ ಆದ ಖರ್ಚನ್ನು ಯಾರೂ ನಿನ್ನ ಪಾಲಿನಿಂದ ಕಳೆದಿಲ್ಲ.

ನಿನ್ನ ತಂಗಿಗೂ ಇದನ್ನು ಓದಿಸು. ಮಗಳೇ, ಪಾಲು ಕೇಳಿದರೆ ತವರು ತಪ್ಪಿಹೋಗುತ್ತದೆಂದು ಹೆದರಬೇಡ. ಸಹಿ ಹಾಕಿದ್ದರಿಂದ ಮಾತ್ರ ಉಳಿಯುವ ತವರು ಎಷ್ಟು ದಿನ ಉಳಿದೀತು? ಆದರೆ ಪಾಲು ತೆಗೆದುಕೊಂಡರೆ ಅದರ ಹೊಣೆಯನ್ನೂ ತೆಗೆದುಕೋ. ಅಮ್ಮನ ಆಸ್ಪತ್ರೆ ಖರ್ಚಿಗೆ ಅಣ್ಣನ ಜೊತೆ ನಿಲ್ಲು.

ಮಗೂ, ಈ ಭಾನುವಾರ ಅತ್ತೆಯರಿಬ್ಬರನ್ನೂ ಕರೆದುಕೊಂಡು ಬಾ. ಕನ್ನಡಕ ಒರೆಸಿಟ್ಟುಕೊಂಡು ಕಾದಿರುತ್ತೇನೆ. ಪತ್ರ ನಾನೇ ಬರೆಯುತ್ತೇನೆ. ಅದು ಪಾಲುಪತ್ರವಾಗಲಿ, ಇನ್ನೊಂದು ದಾನಪತ್ರ ಬರೆಯುವ ಗತಿ ಈ ಮನೆಯಲ್ಲಿ ಯಾರಿಗೂ ಬಾರದಿರಲಿ.