ಮೊದಲ ಹೈಬ್ರಿಡ್ ಸೈಕಲ್ಲಿನ ಆಯ್ಕೆ

ಕುದುರೆಗೂ ಕತ್ತೆಗೂ ಹುಟ್ಟಿದ ಹೇಸರಗತ್ತೆಯನ್ನು ನಾವು ಬಲ್ಲೆವು. ಎರಡು ತಳಿಗಳನ್ನು ಕೂಡಿಸಿ ಪಡೆದ ಹೈಬ್ರಿಡ್ ಜೋಳವನ್ನೂ ಬಲ್ಲೆವು. ಸೈಕಲ್ಲುಗಳ ಕುಲದಲ್ಲಿಯೂ ಇಂತಹುದೊಂದು ಸಂಕರ ನಡೆದಿದೆ. ನುಣುಪಾದ ರಸ್ತೆಯ ಮೇಲೆ ವೇಗವಾಗಿ ಓಡಲೆಂದು ರಚಿತವಾದ, ಕಿರಿದಾದ ಟೈರಿನ ಹಗುರ ಸೈಕಲ್ಲು ಒಂದು ತಳಿ. ಕಲ್ಲುಮಣ್ಣಿನ ಗುಡ್ಡದಾರಿಗೆಂದು 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ರೂಪು ತಳೆದ, ದಪ್ಪ ಟೈರಿನ ಸೈಕಲ್ಲು ಇನ್ನೊಂದು ತಳಿ. ಮೊದಲನೆಯದರಿಂದ ದೊಡ್ಡ ಗಾಲಿಯನ್ನೂ, ಎರಡನೆಯದರಿಂದ ನೇರವಾದ ಹ್ಯಾಂಡಲನ್ನೂ ಏರುದಾರಿಗೆ ಒದಗುವ ಸಣ್ಣ ಗೇರುಗಳನ್ನೂ ಪಡೆದುಕೊಂಡ ವಾಹನಕ್ಕೆ ಹೈಬ್ರಿಡ್ ಸೈಕಲ್ ಎಂದು ಹೆಸರು. ಪಂದ್ಯದಲ್ಲಿ ಓಡಲಿಕ್ಕಲ್ಲ, ಬೆಟ್ಟದಿಂದ ಧುಮುಕಲಿಕ್ಕೂ ಅಲ್ಲ. ಬೆಳಗಿನ ಒಂದು ಗಂಟೆ ಹಾಯಾಗಿ ತಿರುಗಾಡಿ ಮೈಯನ್ನು ಗಟ್ಟಿ ಮಾಡಿಕೊಳ್ಳಬೇಕೆನ್ನುವವರಿಗೆ ಇದು ಒಪ್ಪುತ್ತದೆ.

ಒಪ್ಪುತ್ತದೆ ಎಂದೆನಾದರೂ, ಆಯ್ಕೆ ತಪ್ಪಿದರೆ ಆಗುವ ಪಾಡನ್ನು ನಾನೇ ಅನುಭವಿಸಿದ್ದೇನೆ. ಕೆಲವು ವರ್ಷಗಳ ಹಿಂದೆ ಮೈಸೂರಿನಲ್ಲಿ ಇಂತಹ ಸೈಕಲ್ಲೊಂದನ್ನು ಕೊಂಡೆನು. ಅದು ಹಗುರವಾಗಿತ್ತು, ನೋಡಲು ಸೊಗಸಾಗಿತ್ತು. ನಾನು ವಿಚಾರಿಸಿದ್ದು ಅಷ್ಟನ್ನೇ. ದಿನವೂ ಚಾಮುಂಡಿ ಬೆಟ್ಟದ ದಾರಿಯಲ್ಲಿ ಸ್ವಲ್ಪ ದೂರ ಏರಿ ಹಿಂದಿರುಗುವುದೆಂದು ಸಂಕಲ್ಪ ಮಾಡಿದೆನು. ಮೂರನೆಯ ವಾರದಲ್ಲಿ ಎರಡೂ ಮಂಡಿಗಳು ನೋಯತೊಡಗಿದವು. ವೈದ್ಯರು ಪರೀಕ್ಷಿಸಿ, ‘ಮಂಡಿಯಲ್ಲಿ ದೋಷವೇನೂ ಇಲ್ಲ, ನೀವು ತುಳಿಯುವ ಭಾರವನ್ನು ಇಳಿಸಿಕೊಳ್ಳಿ’ ಎಂದರು. ಸೈಕಲ್ಲು ಎರಡು ತಿಂಗಳು ಗೋಡೆಗೊರಗಿ ನಿಂತು, ಒದ್ದೆ ಟವೆಲುಗಳನ್ನು ಹರವಲು ಉಪಯೋಗವಾಯಿತು. ಆ ಬಿಡುವಿನಲ್ಲಿ ಕಾಗದ ಪೆನ್ಸಿಲು ಹಿಡಿದು, ಕೊಳ್ಳುವ ಮುನ್ನವೇ ಮಾಡಬೇಕಾಗಿದ್ದ ಲೆಕ್ಕವನ್ನು ಮಾಡಿದೆನು. ಪ್ರೌಢಶಾಲೆಯ ಭೌತವಿಜ್ಞಾನಕ್ಕಿಂತ ಹೆಚ್ಚಿನದೇನೂ ಅದಕ್ಕೆ ಬೇಕಾಗಲಿಲ್ಲ.

ಸೈಕಲ್ಲಿನ ಎಂಜಿನ್ ಎಂದರೆ ಅದನ್ನು ಏರುವ ಮನುಷ್ಯನೇ. ಈ ಎಂಜಿನ್ ಬಹಳ ಸಣ್ಣದು. ವಿಶೇಷ ಅಭ್ಯಾಸವಿಲ್ಲದ ಆರೋಗ್ಯವಂತ ಯುವಕನೊಬ್ಬನು ಒಂದು ಗಂಟೆಯ ಕಾಲ ಎಡೆಬಿಡದೆ ಒದಗಿಸಬಲ್ಲ ಸಾಮರ್ಥ್ಯ ಸುಮಾರು 100 ವಾಟ್, ಅಂದರೆ ಹಳೆಯ ಕಾಲದ ದೊಡ್ಡ ವಿದ್ಯುದ್ದೀಪವೊಂದನ್ನು ಉರಿಸುವಷ್ಟು. ಸವಾರನ ತೂಕ 60 ಕಿಲೋಗ್ರಾಮ್, ಸೈಕಲ್ಲಿನದು 14, ಒಟ್ಟು 74 ಎಂದಿಟ್ಟುಕೊಳ್ಳೋಣ. ನೂರು ಮೀಟರ್ ಸಾಗಿದರೆ ಐದು ಮೀಟರ್ ಮೇಲೇರುವ ದಾರಿಯಲ್ಲಿ, ಗಂಟೆಗೆ 8 ಕಿಲೋಮೀಟರಿನ ನಿಧಾನ ಗತಿಯಿಂದ ಹೋದರೂ ಸೆಕೆಂಡಿಗೆ 2.2 ಮೀಟರ್ ಮುಂದಕ್ಕೂ 11 ಸೆಂಟಿಮೀಟರ್ ಮೇಲಕ್ಕೂ ಹೋಗುತ್ತೇವೆ. 74 ಕಿಲೋಗ್ರಾಮನ್ನು ಸೆಕೆಂಡಿಗೆ 11 ಸೆಂಟಿಮೀಟರಿನಂತೆ ಎತ್ತಲು ಬೇಕಾಗುವ ಸಾಮರ್ಥ್ಯ ಸುಮಾರು 80 ವಾಟ್. ಟೈರಿನ ಘರ್ಷಣೆ, ಗಾಳಿಯ ತಡೆ ಇವುಗಳಿಗೆ 15 ವಾಟ್ ಸೇರಿಸಿದರೆ 95 ಆಯಿತು. ಎಂಜಿನ್ನಿನ ಶಕ್ತಿಯೆಲ್ಲ ಅಲ್ಲಿಗೆ ವಿನಿಯೋಗವಾದಂತೆಯೇ.

ಈಗ ಅದೇ 95 ವಾಟನ್ನು ಕಾಲುಗಳು ಯಾವ ರೀತಿಯಲ್ಲಿ ಒದಗಿಸುತ್ತವೆ ಎಂಬುದನ್ನು ನೋಡಬೇಕು. ಮಂಡಿಯ ಸುಖದುಃಖಗಳು ಅಡಗಿರುವುದು ಇಲ್ಲಿಯೇ. ಪೆಡಲುಗಳಿಗೆ ಸೇರಿದ ಮುಂದಿನ ಹಲ್ಲುಚಕ್ರದ ಹಲ್ಲುಗಳ ಸಂಖ್ಯೆಯನ್ನು ಹಿಂದಿನ ಗಾಲಿಯ ಹಲ್ಲುಚಕ್ರದ ಹಲ್ಲುಗಳ ಸಂಖ್ಯೆಯಿಂದ ಭಾಗಿಸಿ. ಪೆಡಲು ಒಂದು ಸುತ್ತು ಬಂದಾಗ ಗಾಲಿ ಎಷ್ಟು ಸುತ್ತು ಬರುವುದೆಂಬುದು ತಿಳಿಯುತ್ತದೆ. ಹೈಬ್ರಿಡ್ ಗಾಲಿಯ ಪರಿಧಿ ಸುಮಾರು 2.2 ಮೀಟರ್, ಅದರಿಂದ ಗುಣಿಸಿದರೆ ಒಂದು ಸುತ್ತಿಗೆ ಸಾಗುವ ದೂರ ಸಿಕ್ಕಿತು.

ನಮ್ಮ ಹಿರಿಯರು ತುಳಿಯುತ್ತಿದ್ದ, ಗೇರಿಲ್ಲದ ಕರಿಯ ಸೈಕಲ್ಲಿನಲ್ಲಿ ಮುಂದೆ 44, ಹಿಂದೆ 18 ಹಲ್ಲುಗಳೆಂದು ಭಾವಿಸಿದರೆ ಒಂದು ಸುತ್ತಿಗೆ ಹೆಚ್ಚು ಕಡಿಮೆ 5.4 ಮೀಟರ್ ಸಾಗಬೇಕು. ಮೇಲೆ ಹೇಳಿದ ಏರಿನಲ್ಲಿ ಪೆಡಲು ಮಿನಿಟಿಗೆ ಕೇವಲ 25 ಸುತ್ತು ಬರುತ್ತದೆ. ಸುತ್ತು ಕಡಿಮೆಯಾದಷ್ಟೂ ಪ್ರತಿ ತುಳಿತದಲ್ಲಿ ಹಾಕಬೇಕಾದ ಬಲ ಹೆಚ್ಚು. ಪೆಡಲಿನ ತೋಳು 17 ಸೆಂಟಿಮೀಟರ್ ಇದ್ದಲ್ಲಿ ಸರಾಸರಿ ಬಲ 22 ಕಿಲೋಗ್ರಾಮ್ ತೂಕಕ್ಕೆ ಸಮನಾಗುತ್ತದೆ. ಇದು ಸರಾಸರಿ ಮಾತ್ರ. ಪೆಡಲು ಮುಂದಕ್ಕೆ ಚಾಚಿರುವ ಕ್ಷಣದಲ್ಲಿ ಬಲ ಇದನ್ನು ಬಹುವಾಗಿ ಮೀರುತ್ತದೆ. ನನ್ನ ಸೊಗಸಾದ ಸೈಕಲ್ಲಿನಲ್ಲಿ ಮುಂದೆ 44 ಹಲ್ಲಿನ ಒಂದೇ ಚಕ್ರ, ಹಿಂದೆ ಅತಿ ದೊಡ್ಡದು 28 ಹಲ್ಲಿನದು. ಮಿನಿಟಿಗೆ 38 ಸುತ್ತು, ಸರಾಸರಿ ಬಲ 14 ಕಿಲೋಗ್ರಾಮ್. ಅದೇ ಅಂಗಡಿಯಲ್ಲಿ, ಪಕ್ಕದಲ್ಲಿಯೇ, ಮುಂದೆ 28 ಹಲ್ಲಿನ ಸಣ್ಣ ಚಕ್ರವೂ ಹಿಂದೆ 34 ಹಲ್ಲಿನ ದೊಡ್ಡ ಚಕ್ರವೂ ಇದ್ದ ಇನ್ನೊಂದು ಸೈಕಲ್ಲು ನಿಂತಿತ್ತು. ಅದರಲ್ಲಾದರೆ ಮಿನಿಟಿಗೆ 74 ಸುತ್ತು, ಬಲ ಏಳೂವರೆ ಕಿಲೋಗ್ರಾಮ್! ಬೆಟ್ಟ ಅದೇ, ವೇಗ ಅದೇ, ವ್ಯಯವಾಗುವ ಶಕ್ತಿಯೂ ಅದೇ. ಮಂಡಿಯ ಮೇಲಿನ ಹೊರೆ ಮಾತ್ರ ಸರಿಸುಮಾರು ಅರ್ಧ.

ಆದುದರಿಂದ, ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ಗೇರು?’ ಎಂಬುದಲ್ಲ, ‘ಅತಿ ಸಣ್ಣ ಗೇರು ಎಷ್ಟು?’ ಎಂಬುದು. ಮುಂದಿನ ಅತಿ ಸಣ್ಣ ಚಕ್ರದ ಹಲ್ಲುಗಳು ಹಿಂದಿನ ಅತಿ ದೊಡ್ಡ ಚಕ್ರದ ಹಲ್ಲುಗಳಿಗಿಂತ ಕಡಿಮೆ, ಅಥವಾ ಹೆಚ್ಚೆಂದರೆ ಸಮ ಇದ್ದರೆ ಹೊಸಬನು ಏರುದಾರಿಗೆ ಹೆದರಬೇಕಾಗಿಲ್ಲ. ‘21 ಗೇರು’ ಎಂಬ ಘೋಷಣೆಗೆ ಮರುಳಾಗಬೇಡಿ. ಮುಂದೆ 48, 38, 28 ಹಲ್ಲುಗಳ ಮೂರು ಚಕ್ರಗಳು, ಹಿಂದೆ 14, 16, 18, 20, 22, 24, 34 ಹಲ್ಲುಗಳ ಏಳು ಚಕ್ರಗಳು ಇದ್ದರೆ ಗುಣಾಕಾರದಿಂದ 21 ಆಗುವುದು ನಿಜ. ಆದರೆ 48ನ್ನು 24ರಿಂದ ಭಾಗಿಸಿದರೂ 28ನ್ನು 14ರಿಂದ ಭಾಗಿಸಿದರೂ ಬರುವುದು ಎರಡೇ. ಹೀಗೆ ಒಂದನ್ನೊಂದು ಹೋಲುವುದನ್ನೆಲ್ಲ ತೆಗೆದುಹಾಕಿದರೆ ನಿಜವಾಗಿ ಬೇರೆ ಬೇರೆಯಾದ ಗೇರುಗಳು ಹದಿನೈದನ್ನು ಮೀರುವುದಿಲ್ಲ. ಓದುಗರು ಒಂದು ಕೋಷ್ಟಕ ಬರೆದು ತಾವೇ ಇದನ್ನು ಪರೀಕ್ಷಿಸಬಹುದು.

ಹಗುರವಾದ ಸೈಕಲ್ಲಿಗಾಗಿ ಹೆಚ್ಚು ಹಣ ತೆರುವುದು ಯುಕ್ತವೇ? ಮೇಲಿನ ಲೆಕ್ಕದಲ್ಲಿ 14 ಕಿಲೋಗ್ರಾಮಿನ ಬದಲು 11 ಕಿಲೋಗ್ರಾಮಿನ ಸೈಕಲ್ಲನ್ನು ಹಾಕಿ ನೋಡಿದರೆ ಏರಿನಲ್ಲಿ ಉಳಿಯುವುದು 3 ವಾಟಿಗಿಂತ ಸ್ವಲ್ಪ ಹೆಚ್ಚು. ಸಮತಟ್ಟಾದ ರಸ್ತೆಯಲ್ಲಿ ಅಷ್ಟೂ ಇಲ್ಲ. ಅಲ್ಲಿ ನಮ್ಮ ಎದುರಾಳಿ ಗಾಳಿ. ಅದನ್ನು ಗೆಲ್ಲಲು ಬೇಕಾದ ಸಾಮರ್ಥ್ಯ ವೇಗದ ಘನಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಗಂಟೆಗೆ 15 ಕಿಲೋಮೀಟರಿಗೆ 22 ವಾಟ್ ಸಾಕಾದರೆ 30 ಕಿಲೋಮೀಟರಿಗೆ ಎಂಟು ಪಾಲು, ಎಂದರೆ ಸುಮಾರು 175 ವಾಟ್ ಬೇಕು. ನೆಟ್ಟಗೆ ಕುಳಿತು ಹೋಗುವ ಹೈಬ್ರಿಡ್ ಸವಾರನಿಗೆ ಆ ವೇಗ ಸಲ್ಲದು, ಅದರ ಅಗತ್ಯವೂ ಇಲ್ಲ.

ಆದರೆ ಅನಾವಶ್ಯಕವಾದ ಭಾರವನ್ನು ಹೊರಬೇಕೆಂದು ಇದರ ಅರ್ಥವಲ್ಲ. ಅಗ್ಗದ ಸೈಕಲ್ಲುಗಳ ಮುಂದಿನ ಫೋರ್ಕಿನಲ್ಲಿ ಸ್ಪ್ರಿಂಗುಗಳಿರುತ್ತವೆ. ನೋಡಲು ಮೋಟಾರು ಸೈಕಲ್ಲಿನಂತೆ ಕಾಣುವುದರಿಂದ ವಿದ್ಯಾರ್ಥಿಗಳಿಗೆ ಅವು ಬಲು ಪ್ರಿಯ. ಈ ಸ್ಪ್ರಿಂಗುಗಳು ಒಂದು ಕಿಲೋಗ್ರಾಮಿಗೂ ಮಿಕ್ಕಿದ ತೂಕವನ್ನು ಸೇರಿಸುತ್ತವೆ. ಎದ್ದು ನಿಂತು ತುಳಿದಾಗ ಕುಸಿದು ಏಳುತ್ತ ಶ್ರಮದ ಒಂದು ಪಾಲನ್ನು ನುಂಗುತ್ತವೆ. ಡಾಂಬರು ರಸ್ತೆಯ ಸಣ್ಣ ಪುಟ್ಟ ಕುಲುಕಾಟಕ್ಕೆ 35ರಿಂದ 40 ಮಿಲಿಮೀಟರ್ ಅಗಲದ ಟೈರಿನೊಳಗಿನ ಗಾಳಿಯೇ ಉತ್ತಮ ಸ್ಪ್ರಿಂಗು. ಸರಳವಾದ ಗಟ್ಟಿ ಫೋರ್ಕನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ.

ಟೈರಿನ ವಿಷಯಕ್ಕೆ ಬಂದಾಗ ಒಂದು ವಿಚಿತ್ರವನ್ನು ಹೇಳದಿರಲಾರೆ. 28 × 1½ ಎಂದು ಬರೆದ ಟೈರೂ 28 × 1.50 ಎಂದು ಬರೆದ ಟೈರೂ ಒಂದೇ ಎಂದು ಯಾವ ಗಣಿತದ ಮೇಷ್ಟರಾದರೂ ಹೇಳಿಯಾರು. ಸೈಕಲ್ ಶಾಸ್ತ್ರದಲ್ಲಿ ಅವು ಬೇರೆ ಬೇರೆ! ಮೊದಲನೆಯದು ಹಳೆಯ ಕರಿಯ ಸೈಕಲ್ಲಿನದು. ಅದು ಕೂರುವ ರಿಮ್ಮಿನ ವ್ಯಾಸ 635 ಮಿಲಿಮೀಟರ್. ಎರಡನೆಯದು ಹೈಬ್ರಿಡ್ಡಿನದು, ಅದರ ವ್ಯಾಸ 622. ಹದಿಮೂರು ಮಿಲಿಮೀಟರಿನ ಈ ಅಂತರದಿಂದಾಗಿ ಒಂದರ ಟೈರು ಇನ್ನೊಂದಕ್ಕೆ ಕೂರುವುದಿಲ್ಲ. ಟೈರಿನ ಪಕ್ಕದಲ್ಲಿ 40-622 ಎಂಬಂತೆ ಅಚ್ಚಾಗಿರುವ ಸಂಖ್ಯೆಯನ್ನೇ ನಂಬಬೇಕು: ಮೊದಲನೆಯದು ಅಗಲ, ಎರಡನೆಯದು ರಿಮ್ಮಿನ ವ್ಯಾಸ. 622ಕ್ಕೆ ಅಗಲವನ್ನು ಎರಡು ಸಲ ಕೂಡಿಸಿ π ಇಂದ ಗುಣಿಸಿದರೆ ನಾವು ಉಪಯೋಗಿಸಿದ 2.2 ಮೀಟರ್ ಪರಿಧಿ ಬರುತ್ತದೆ. ಸಣ್ಣ ಊರಿನಲ್ಲಿರುವವರು ತಮ್ಮ ಊರಿನ ಅಂಗಡಿಯಲ್ಲಿ ಈ ಅಳತೆಯ ಟ್ಯೂಬು ಟೈರುಗಳು ದೊರೆಯುವುವೇ ಎಂದು ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳುವುದು ಮೇಲು.

ಬ್ರೇಕಿನ ಕೆಲಸ ಚಲನೆಯ ಶಕ್ತಿಯನ್ನು ಶಾಖವಾಗಿ ಮಾರ್ಪಡಿಸುವುದು. ಚಾಮುಂಡಿ ಬೆಟ್ಟದ ತುದಿ ಮೈಸೂರು ನಗರಕ್ಕಿಂತ ಸುಮಾರು 300 ಮೀಟರ್ ಎತ್ತರದಲ್ಲಿದೆ. ನಮ್ಮ 74 ಕಿಲೋಗ್ರಾಮ್ ಅಲ್ಲಿಂದ ಇಳಿದು ಬರುವಾಗ ಬಿಡುಗಡೆಯಾಗುವ ಶಕ್ತಿಯಿಂದ ಮುಕ್ಕಾಲು ಲೀಟರಿಗೆ ತುಸು ಕಡಿಮೆ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಗಾಳಿಯ ಪಾಲನ್ನು ಕಳೆದರೂ ಉಳಿದದ್ದು ಸಣ್ಣ ಮೊತ್ತವಲ್ಲ. ರಿಮ್ಮನ್ನು ಹಿಡಿಯುವ ಬ್ರೇಕು ಒಣ ಹವೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ದುರಸ್ತಿಯೂ ಸುಲಭ. ಮಳೆಯಲ್ಲಿ ರಿಮ್ಮು ತೊಯ್ದಾಗ ಅದರ ಹಿಡಿತ ಕುಂದುತ್ತದೆ. ಗಾಲಿಯ ನಡುವೆ ಬಿಲ್ಲೆಯನ್ನು ಹಿಡಿಯುವ ಡಿಸ್ಕ್ ಬ್ರೇಕಿಗೆ ಈ ತೊಂದರೆ ಕಡಿಮೆ. ಮಲೆನಾಡಿನಲ್ಲಿ ಇರುವವರಿಗೆ ಡಿಸ್ಕ್ ಬೇಕು. ಬಯಲುಸೀಮೆಯವರಿಗೆ ರಿಮ್ ಬ್ರೇಕೇ ಸಾಕು.

ಇನ್ನು ಚೌಕಟ್ಟಿನ ಅಳತೆ. ಎರಡು ಕಾಲುಗಳ ನಡುವೆ ಸೈಕಲ್ಲನ್ನಿಟ್ಟು, ಪಾದಗಳನ್ನು ನೆಲಕ್ಕೂರಿ ನಿಂತಾಗ ಮೇಲಿನ ಕೊಳವೆಗೂ ದೇಹಕ್ಕೂ ನಡುವೆ ಎರಡು ಮೂರು ಅಂಗುಲ ತೆರವಿರಬೇಕು. ‘ಬೆಳೆಯುವ ಹುಡುಗ, ದೊಡ್ಡದೇ ಇರಲಿ’ ಎಂಬ ಗೃಹಸ್ಥರ ನ್ಯಾಯ ಅಂಗಿಗೆ ಸರಿ, ಸೈಕಲ್ಲಿಗಲ್ಲ. ಸೀಟಿನ ಎತ್ತರವನ್ನು ಗೊತ್ತುಮಾಡಲು ಸುಲಭವಾದ ಉಪಾಯವಿದೆ. ಗೋಡೆಯನ್ನು ಹಿಡಿದು ಸೀಟಿನ ಮೇಲೆ ಕುಳಿತು, ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಡಿ. ಕಾಲು ಆಗ ನೇರವಾಗಬೇಕು. ಅನಂತರ ಬೆರಳುಗಳ ಹಿಂದಿನ ದಪ್ಪ ಭಾಗದಿಂದ ತುಳಿದರೆ ಮಂಡಿಯಲ್ಲಿ ತಕ್ಕಷ್ಟು ಬಾಗು ಉಳಿಯುತ್ತದೆ. ನನ್ನ ಸೀಟು ತೀರ ತಗ್ಗಿನಲ್ಲಿತ್ತೆಂಬುದು ಈ ಪರೀಕ್ಷೆಯಿಂದಲೇ ತಿಳಿಯಿತು; ಮಂಡಿಯ ನೋವಿಗೆ ಅದರ ಪಾಲೂ ಇದ್ದಿತು.

ಸೀಟನ್ನು ಏರಿಸಿ, ಮುಂದೆ 36 ಹಲ್ಲಿನ ಚಕ್ರವನ್ನೂ ಹಿಂದೆ 34 ಹಲ್ಲಿನವರೆಗಿನ ಗುಚ್ಛವನ್ನೂ ಹಾಕಿಸಿದೆನು. ಚೈನನ್ನೂ ಬದಲಿಸಬೇಕಾಯಿತು. ಏರಿನಲ್ಲಿ ಮಿನಿಟಿಗೆ 57 ಸುತ್ತು ತುಳಿಯುವಂತಾಯಿತು. ಮೊದಲ ತಿಂಗಳು ಸಮತಟ್ಟಿನಲ್ಲಿಯೇ ತಿರುಗಿ, ಅನಂತರವೇ ಬೆಟ್ಟದ ಕಡೆಗೆ ಮುಖ ಮಾಡಿದೆನು. 17 ವರ್ಷದವರೆಗಿನವರಿಗೆ ದಿನಕ್ಕೆ ಸರಾಸರಿ 60 ಮಿನಿಟು, ವಯಸ್ಕರಿಗೆ ವಾರಕ್ಕೆ 150ರಿಂದ 300 ಮಿನಿಟು ಸಾಧಾರಣ ಶ್ರಮದ ವ್ಯಾಯಾಮ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿದೆ. ಮಾತನಾಡಲು ಉಸಿರು ಸಾಕಾಗಬೇಕು, ಹಾಡಲು ಸಾಲಬಾರದು: ಸಾಧಾರಣ ಶ್ರಮಕ್ಕೆ ಅದೇ ಗುರುತು.

ಹಣ ಕೊಡುವ ಮೊದಲು ಹತ್ತು ಮಿನಿಟಾದರೂ ಸೈಕಲ್ಲನ್ನು ಓಡಿಸಿ ನೋಡಲು ಕೇಳಿಕೊಳ್ಳಿ. ಹತ್ತಿರದಲ್ಲಿ ಸಣ್ಣ ಏರೊಂದಿದ್ದರೆ ಅಲ್ಲಿಗೇ ಒಯ್ಯಿರಿ. ಬೆನ್ನು ಸೆಟೆಯದೆ, ಭುಜ ಎಳೆಯದೆ ಹ್ಯಾಂಡಲು ಕೈಗೆ ಸಿಗಬೇಕು. ಹೆಲ್ಮೆಟ್, ಮುಂದೆ ಹಿಂದೆ ಎರಡು ದೀಪ, ಒಂದು ಗಾಳಿ ಪಂಪು ಇವುಗಳಿಗೂ ಹಣ ತೆಗೆದಿರಿಸಿರಬೇಕು. ಹೊಸ ಸೈಕಲ್ಲಿನ ಬ್ರೇಕು ಗೇರುಗಳ ತಂತಿಗಳು ಮೊದಲ ಕೆಲವು ವಾರಗಳಲ್ಲಿ ಸಡಿಲಗೊಳ್ಳುತ್ತವೆ, ಗಾಲಿಯ ಕಡ್ಡಿಗಳೂ ಕೆಲವೊಮ್ಮೆ ಬಿಗಿ ತಪ್ಪುತ್ತವೆ. ತಿಂಗಳು ತುಂಬುವುದರೊಳಗೆ ಅಂಗಡಿಗೆ ಹಿಂದಕ್ಕೆ ಒಯ್ದು ಬಿಗಿ ಮಾಡಿಸಿಕೊಂಡು ಬರಬೇಕು.