ಮೂಳೆ ಮುರಿತ, ಕೀಲು ಸವೆತ: ಯಾವ ಶಸ್ತ್ರಚಿಕಿತ್ಸೆ ಯಾರಿಗೆ?

ದ್ವಿಚಕ್ರ ವಾಹನಗಳ ದಟ್ಟಣೆಗೆ ಹೆಸರಾದ ಪುಣೆ ನಗರದಲ್ಲಿ ಮೂಳೆ ಚಿಕಿತ್ಸೆಗೆ ಹಳೆಯ ಪರಂಪರೆಯಿದೆ. ಸಾಸೂನ್ ಆಸ್ಪತ್ರೆ 1867ರಷ್ಟು ಹಿಂದಿನದು, ಅಂಗ ಕಳೆದುಕೊಂಡ ಸೈನಿಕರಿಗಾಗಿ 1944ರಲ್ಲಿ ಅಲ್ಲಿ ಕೃತಕ ಅಂಗ ಕೇಂದ್ರವು ಸ್ಥಾಪನೆಯಾಯಿತು, 1965ರಲ್ಲಿ ಡಾ. ಕೆ. ಎಚ್. ಸಂಚೇತಿಯವರು ಮೂಳೆ ಚಿಕಿತ್ಸೆಗೆಂದೇ ಆಸ್ಪತ್ರೆಯೊಂದನ್ನು ಆರಂಭಿಸಿದರು. ಇಂತಹ ಆಸ್ಪತ್ರೆಗಳಿಗೆ ಬರುವ ರೋಗಿಯ ಮನೆಯವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಯೊಂದಿದೆ: ರಾಡು ಮೇಲೋ, ಪ್ಲೇಟು ಮೇಲೋ? ಮುರಿದಿರುವುದು ಯಾವ ಮೂಳೆ, ಎಲ್ಲಿ, ಯಾರದು ಎಂಬುದನ್ನು ತಿಳಿಯದೆ ಇದಕ್ಕೆ ಉತ್ತರ ಹೇಳಲಾಗದು.

ಎಲ್ಲ ಮುರಿತಗಳಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ಸ್ಥಾನಪಲ್ಲಟವಾಗದ ಮುರಿತಗಳಿಗೆ, ಅದರಲ್ಲೂ ಮಕ್ಕಳ ಮುಂಗೈ ಮುರಿತಗಳಿಗೆ, ಪ್ಲಾಸ್ಟರು ಸಾಮಾನ್ಯವಾಗಿ ಸಾಕಾಗುತ್ತದೆ. ತೊಡೆಮೂಳೆಯ ಮಾತು ಬೇರೆ. ಬಲವಾದ ಸ್ನಾಯುಗಳು ಮುರಿದ ತುದಿಗಳನ್ನು ಎಳೆದು ಕಾಲನ್ನು ಗಿಡ್ಡವಾಗಿಸುತ್ತವೆ. 1939ರಲ್ಲಿ ಜರ್ಮನಿಯ ಕುಂಟ್ಷರ್ ಎಂಬ ವೈದ್ಯರು ಮೂಳೆಯ ಮಜ್ಜೆಯ ಕೊಳವೆಯೊಳಗೆ ಉದ್ದನೆಯ ರಾಡನ್ನು ತೂರಿಸಿ ಇದಕ್ಕೆ ಪರಿಹಾರ ಕಂಡರು. ಇಂದಿನ ರಾಡುಗಳ ಎರಡೂ ತುದಿಗಳಲ್ಲಿ ಅಡ್ಡ ಸ್ಕ್ರೂ ಹಾಕಿ ಮೂಳೆ ತಿರುಚದಂತೆ ತಡೆಯುತ್ತಾರೆ. ಚಿಕ್ಕ ಗಾಯದ ಮೂಲಕವೇ ಕೆಲಸ ಮುಗಿಯುವುದರಿಂದ ಮುರಿತದ ಸುತ್ತಲಿನ ರಕ್ತಪೂರೈಕೆಗೆ ಹೆಚ್ಚು ಧಕ್ಕೆಯಾಗದು. ಆದರೆ ಕೀಲಿಗೆ ತಾಗಿದ ಮುರಿತದಲ್ಲಿ ಕೀಲಿನ ಮೇಲ್ಮೈ ಕೂದಲೆಳೆಯಷ್ಟೂ ಏರುಪೇರಾಗದಂತೆ ಕೂಡಿಸಬೇಕು. ಅಲ್ಲಿ ಪ್ಲೇಟು ಮತ್ತು ಸ್ಕ್ರೂಗಳೇ ಹೆಚ್ಚು ಉಪಯುಕ್ತ.

ಚರ್ಮ ಹರಿದು ಮೂಳೆ ಹೊರಬಂದು ಮಣ್ಣು ಸೇರಿದ್ದರೆ ಮೊದಲ ಕೆಲಸ ಗಾಯವನ್ನು ತೊಳೆದು ಶುದ್ಧಗೊಳಿಸುವುದು. ಸೋಂಕಿನ ಭಯ ಹೆಚ್ಚಾಗಿರುವಲ್ಲಿ ಹೊರಗಿನಿಂದ ಪಿನ್ನು ಮತ್ತು ಸರಳುಗಳ ಚೌಕಟ್ಟು ಕಟ್ಟುತ್ತಾರೆ. ಸೈಬೀರಿಯದ ಕುರ್ಗಾನ್‌ನಲ್ಲಿ ಇಲಿಜಾರೋವ್ ಅವರು 1950ರ ದಶಕದಲ್ಲಿ ರೂಪಿಸಿದ ಉಂಗುರಗಳ ಚೌಕಟ್ಟು ಇದರಲ್ಲಿ ಪ್ರಸಿದ್ಧವಾದುದು. ಮೂಳೆಯನ್ನು ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಸರಿಸುತ್ತ ಹೋದರೆ ನಡುವೆ ಹೊಸ ಮೂಳೆ ಬೆಳೆಯುತ್ತದೆ. ಕತ್ತರಿಸಬೇಕಾಗಿ ಬರಬಹುದಾದ ಕಾಲನ್ನೂ ಈ ವಿಧಾನವು ಹಲವೊಮ್ಮೆ ಉಳಿಸುತ್ತದೆ. ಆದರೆ ತಿಂಗಳುಗಟ್ಟಲೆ ಉಂಗುರಗಳನ್ನು ಹೊತ್ತು, ಪಿನ್ನಿನ ಬುಡಗಳನ್ನು ಶುಚಿಯಾಗಿಡುವ ತಾಳ್ಮೆ ರೋಗಿಗಿರಬೇಕು.

ವೃದ್ಧರ ಸೊಂಟದ ಮುರಿತದಲ್ಲಿ ಒಂದೆರಡು ಅಂಗುಲದ ಅಂತರವೇ ಚಿಕಿತ್ಸೆಯನ್ನು ನಿರ್ಧರಿಸುತ್ತದೆ. ತೊಡೆಮೂಳೆಯ ಗುಂಡುತಲೆಗೆ ರಕ್ತ ಒಯ್ಯುವ ನಾಳಗಳು ಅದರ ಕತ್ತಿನ ಮೇಲೆ ಸಾಗುತ್ತವೆ. ಕತ್ತು ಮುರಿದು ಸರಿದರೆ ಈ ನಾಳಗಳು ಹರಿದು ತಲೆ ನಿರ್ಜೀವವಾಗಬಹುದು. ಆದ್ದರಿಂದ ವೃದ್ಧರಲ್ಲಿ ತಲೆಯ ಭಾಗವನ್ನೋ ಪೂರ್ಣ ಕೀಲನ್ನೋ ಬದಲಿಸುತ್ತಾರೆ. ತರುಣರಲ್ಲಿ ಬೇಗನೆ ಸ್ಕ್ರೂ ಹಾಕಿ ಸ್ವಂತ ಮೂಳೆಯನ್ನು ಉಳಿಸಲು ಯತ್ನಿಸುತ್ತಾರೆ. ಮುರಿತವು ಕತ್ತಿಗಿಂತ ಕೆಳಗಿದ್ದರೆ ರಕ್ತಪೂರೈಕೆ ಉತ್ತಮವಾಗಿರುವುದರಿಂದ ಮೂಳೆ ಕೂಡಿಕೊಳ್ಳುತ್ತದೆ. ಜಾರುವ ಸ್ಕ್ರೂ ಸಹಿತ ಪ್ಲೇಟು ಅಥವಾ ಗಿಡ್ಡ ರಾಡು ಸಾಕು. ಎರಡರಲ್ಲೂ ವಿಳಂಬವೇ ಶತ್ರು. "ವಯಸ್ಸಾಯಿತು, ಮಲಗಿಯೇ ಇರಲಿ" ಎಂದು ಮನೆಯಲ್ಲಿ ಉಳಿಸಿದರೆ ಹಾಸಿಗೆ ಹುಣ್ಣು, ನ್ಯುಮೋನಿಯಾ ಮತ್ತು ರಕ್ತ ಹೆಪ್ಪುಗಟ್ಟುವಿಕೆ ಪ್ರಾಣಕ್ಕೆ ಎರವಾಗುತ್ತವೆ. ದೇಹಸ್ಥಿತಿ ಅನುಮತಿಸಿದರೆ ಒಂದೆರಡು ದಿನಗಳಲ್ಲೇ ಶಸ್ತ್ರಚಿಕಿತ್ಸೆ ನಡೆಯಬೇಕು. ನಾಟಿ ಕಟ್ಟು ಹಾಕಿಸಿಕೊಂಡವರ ಬೆರಳುಗಳು ತಣ್ಣಗಾದರೆ, ಜೋಮು ಹಿಡಿದರೆ ತಕ್ಷಣ ಕಟ್ಟು ಸಡಿಲಿಸಿ ಆಸ್ಪತ್ರೆಗೆ ಒಯ್ಯಬೇಕು.

ಸವೆದ ಮೊಣಕಾಲಿಗೂ ಒಂದೇ ದಾರಿಯಿಲ್ಲ. ದೂರ್ಬೀನಿನ ಮೂಲಕ ಕೀಲನ್ನು ತೊಳೆಯುವ ವಿಧಾನವನ್ನು ಹೊಲಿಗೆಯಷ್ಟೇ ಹಾಕಿದ ತೋರಿಕೆಯ ಚಿಕಿತ್ಸೆಯೊಡನೆ ಹೋಲಿಸಿದ ಅಮೆರಿಕದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಎರಡರ ನಡುವೆ ವ್ಯತ್ಯಾಸ ಕಾಣಲಿಲ್ಲ. ಹರಿದ ಅಸ್ಥಿರಜ್ಜುವಿಗೆ ಮಾತ್ರ ಅದೇ ದೂರ್ಬೀನು ವರದಾನ. ನಡುವಯಸ್ಸಿನವರಲ್ಲಿ ಒಳಬದಿಯಷ್ಟೇ ಸವೆದಿದ್ದರೆ ಮೊಣಕಾಲ ಕೆಳಗಿನ ಮೂಳೆಯನ್ನು ಕೊಯ್ದು ನೇರಗೊಳಿಸಿ ಭಾರವನ್ನು ಹೊರಬದಿಗೆ ಸಾಗಿಸಬಹುದು. ಪೂರ್ತಿ ಸವೆದಾಗ ಕೀಲು ಬದಲಾವಣೆಯೇ ಉಳಿಯುತ್ತದೆ. ಭಾರತೀಯರಿಗೆ ಹೊಂದುವಂತೆ ಡಾ. ಸಂಚೇತಿಯವರು ಪುಣೆಯಲ್ಲಿ ರೂಪಿಸಿದ 'ಇಂಡಸ್' ಕೃತಕ ಮೊಣಕಾಲು ಈ ಕ್ಷೇತ್ರದಲ್ಲಿ ದೇಶೀಯ ಪ್ರಯತ್ನ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರವು ಕೃತಕ ಮೊಣಕಾಲುಗಳಿಗೆ ಗರಿಷ್ಠ ಬೆಲೆ ನಿಗದಿಪಡಿಸಿತು; ಹೆಚ್ಚು ಬಳಕೆಯ ಕೋಬಾಲ್ಟ್-ಕ್ರೋಮಿಯಂ ಬಗೆಗೆ ಅಂದು ತೆರಿಗೆ ಹೊರತು ನಿಗದಿಯಾದದ್ದು 54,720 ರೂಪಾಯಿ.

ಬಿಡುಗಡೆಯ ದಿನ ಒಳಗಿಟ್ಟ ಸಾಧನದ ಹೆಸರು, ಅಳತೆ, ತಯಾರಕರ ಚೀಟಿಗಳನ್ನು ಕೇಳಿ ಪಡೆದು ಎಕ್ಸ್-ರೇ ಚಿತ್ರಗಳೊಡನೆ ಜೋಪಾನವಾಗಿಡಬೇಕು. ಮುಂದೆ ರಾಡು ತೆಗೆಯಬೇಕಾದಾಗ ಬೇರೊಬ್ಬ ವೈದ್ಯರಿಗೆ ಸರಿಯಾದ ಉಪಕರಣ ಹೊಂದಿಸಿಕೊಳ್ಳಲು ಅವು ನೆರವಾಗುತ್ತವೆ.